ಕಣ್ಣಾಡಿ

ಒಂಬತ್ತು ಹತ್ತಕ್ಕೆ ಎರಡು ಎಂ.ಎಲ್. ರಕ್ತ,
ಒಣಗಿದ ಗಾಜಿನ ಕೊಳವೆ.
ಸೋಪು ಮುಟ್ಟಿಸಿರಬಾರದು, ಸೋಪು ತಾಕಿದ ಗಾಜು ಸುಳ್ಳು ಹೇಳುತ್ತದೆ.
ಅಲುಗಿಸಬಾರದು, ಎತ್ತಿ ಇಣುಕಬಾರದು.
ಇಪ್ಪತ್ತು ನಿಮಿಷ ಸುಮ್ಮನೆ ನಿಂತಿರಬೇಕು
ಕೊಳವೆಯೂ, ನಾನೂ.

ತಾಳವಾಡಿಯ ಆಸ್ಪತ್ರೆ. ಚೀಟಿ ತಮಿಳಿನಲ್ಲಿ,
ನರಳಾಟ ಕನ್ನಡದಲ್ಲಿ.
ಚೆಂಡುಹೂವಿನ ಸಾಲಿಗೆ ನೀರು ತಿರುಗಿಸಲು ಹೋದ ಸಿದ್ದಮಲ್ಲಿಗೆ
ಹಿಮ್ಮಡಿಯ ಮೇಲೆ ಎರಡು ಚುಕ್ಕಿ.
'ಮಂಡಲದ ಹಾವು. ಕುಕ್ಕರು ಕೂಗ್ದಂಗೆ ಬುಸುಗುಟ್ತು ಕನವ್ವ.'
ಡಾಕ್ಟರ್ ಎಳಿಲರಸಿ ಬರೆದುಕೊಂಡರು: ಕಣ್ಣಾಡಿ ವಿರಿಯನ್.
ಒಂದೇ ಬೆನ್ನಿನ ಒಂದೇ ಬಳೆಗುರುತು
ಈ ಮಾತಿನಲ್ಲಿ ಮಂಡಲ, ಆ ಮಾತಿನಲ್ಲಿ ಕನ್ನಡಿ.

ನಾಲ್ಕನೇ ನಿಮಿಷ.
ಈರೋಡಿನಲ್ಲಿ ಡಿಪ್ಲೊಮಾ ಓದುವಾಗ ಬಾಯಿಪಾಠ ಮಾಡಿದ್ದೆ,
ಫಾಸ್ಫೋಲಿಪೇಸ್ ಎ ಟು, ಫಾಸ್ಫೋಲಿಪೇಸ್ ಎ ಟು,
ಬಸ್ಸಿನಲ್ಲಿ ಪಕ್ಕದ ಅಜ್ಜಿ ಮಂತ್ರವೆಂದು ಕೈ ಮುಗಿದಿದ್ದಳು.

ಜೀವಕೋಶಕ್ಕೆ ಕಲ್ಲಿನ ಗೋಡೆಯಿಲ್ಲ,
ಇರುವುದು ಜಿಡ್ಡಿನ ಬೇಲಿ. ಎರಡು ಸಾಲು,
ತಲೆ ನೀರಿನತ್ತ, ಬಾಲ ಬಾಲದತ್ತ,
ಒಂದೊಂದು ತಲೆಗೂ ಎರಡೆರಡು ಬಾಲ.
ಈ ಕಿಣ್ವ ಬಂದು ಎರಡನೆಯದನ್ನು ಕತ್ತರಿಸುತ್ತದೆ.
ಅದೊಂದೇ ಕಸುಬು. ಮೊದಲನೆಯದರ ತಂಟೆಗೆ ಹೋಗುವುದಿಲ್ಲ.
ನಮ್ಮೂರಿನವರಿಗೆ ಉಳಿದದ್ದು ಹೇಳಬೇಕಿಲ್ಲ:
ಬೇಲಿಯ ಒಂದು ಗೂಟ ಸಡಿಲಾದರೆ
ಬೆಳಗಿನೊಳಗೆ ಬಾಳೆತೋಟದಲ್ಲಿ ಆನೆ.

ಹಾವಿನ ಹಲ್ಲಿನಲ್ಲಿ ಇದೊಂದೇ ಅಲ್ಲ, ದೊಡ್ಡ ದಂಡೇ ಇದೆ.
ರಕ್ತ ಕೆಡಿಸುವುದರಲ್ಲಿ ಮುಂದಾಳುಗಳು ಬೇರೆ.
ಇದು ಮಾಂಸದ ಬೇಲಿ ಕೀಳುತ್ತದೆ,
ಸಿದ್ದಮಲ್ಲಿಯ ಮೀನಖಂಡ ಆಗಲೇ ಕುಂಬಳಕಾಯಿ.

ಒಂಬತ್ತನೇ ನಿಮಿಷ, ಗೋಡೆಯಾಚೆ ಹೆರಿಗೆ ಕೋಣೆಯಲ್ಲಿ ಚೀರಾಟ.
ಅಲ್ಲೂ ಇದರದೇ ಬಳಗ.
ತುಂಡಾದ ಬಾಲ ಮೈಯೊಳಗೆ ವೇಷ ಬದಲಿಸಿ
ಜ್ವರ ಬರಿಸುತ್ತದೆ, ಮೊಣಕಾಲು ಊದಿಸುತ್ತದೆ,
ಒಂಬತ್ತು ತಿಂಗಳು ಮಲಗಿದ್ದ ಗರ್ಭಕೋಶವನ್ನು
ಹೊತ್ತಾಯಿತೇಳು ಎಂದು ಚಿವುಟುತ್ತದೆ.

ಹದಿಮೂರು.
ಅಣ್ಣ ಜಡೆಮಾದನ ಹೊಟ್ಟೆಯಲ್ಲೂ ಇತ್ತು,
ಉಂಡ ಎಣ್ಣೆ ಅರಗಿಸಲೆಂದು, ಕರುಳು ಮುಟ್ಟುವವರೆಗೆ ನಿದ್ದೆ ಮಾಡಬೇಕಾದದ್ದು.
ಟಾಸ್ಮಾಕ್ ಬಾಟಲಿಗಳ ಗಲಾಟೆಗೆ
ಮೇದೋಜೀರಕದೊಳಗೇ ಎಚ್ಚರಾಯಿತು ಆ ಕಿಣ್ವಗಳ ಮನೆ ಪೂರ್ತಿ.
ಮೂರು ದಿನ ತನ್ನನ್ನೇ ತಾನು ಜೀರ್ಣಿಸಿಕೊಂಡ.
ಆ ರಿಪೋರ್ಟಿನ ಕೆಳಗಿನ ಸಹಿ ನನ್ನದು.
ಸಹಿ ಹಾಕಿ, ಸಿಂಕಿನ ನಲ್ಲಿ ತಿರುಗಿಸಿ ಅತ್ತೆ,
ಸದ್ದು ಕೇಳದಿರಲೆಂದು.

ಆಮೇಲೆ ಯಾವಾಗಲೋ ಓದಿದೆ:
ಕಣ್ಣೀರಿನಲ್ಲೂ ಅದೇ ವಂಶದ್ದೊಂದು ಇದೆಯಂತೆ.
ಕಣ್ಣಿಗೆ ಬಿದ್ದ ಬ್ಯಾಕ್ಟೀರಿಯದ ಬೇಲಿ ಕತ್ತರಿಸಿ ಕಾಯುತ್ತದಂತೆ.
ಪುಸ್ತಕ ಮುಚ್ಚಿ ತುಂಬ ಹೊತ್ತು ಕೂತಿದ್ದೆ.
ಹಾವು ಹಲ್ಲಿನಲ್ಲಿ ಹೊತ್ತದ್ದನ್ನೇ
ನಾನು ರೆಪ್ಪೆಯಲ್ಲಿ ಹೊತ್ತಿದ್ದೇನೆ,
ದಾಯಾದಿಗಳು ನಾವು, ಕೋರ್ಟಿಗೆ ಹೋಗದ ದಾಯಾದಿಗಳು.

ಹದಿನೆಂಟು. ಆಂಬುಲೆನ್ಸಿನ ಮುರುಗೇಶನ್ ಬೀಡಿ ಆರಿಸಿ ಬಂದ.
ಬೇಕಾದರೆ ದಿಂಬಂ ಇಳಿಯಬೇಕು, ಇಪ್ಪತ್ತೇಳು ತಿರುವು,
ಇಲ್ಲ, ಗಡಿ ದಾಟಿದರೆ ಚಾಮರಾಜನಗರ. ಅವನು ಕೇಳಲಿಲ್ಲ, ನಾನು ಹೇಳಲಿಲ್ಲ.

ಇಪ್ಪತ್ತು.
ಕೊಳವೆ ಒಂದೇ ಸಲ ಓರೆ ಮಾಡಿದೆ.
ಹೆಪ್ಪು ಇಲ್ಲ. ದಾಳಿಂಬೆ ರಸದ ಹಾಗೆ ಜಾರಿತು.
'ಡಾಕ್ಟ್ರೇ' ಎಂದೆ, ಅಷ್ಟು ಸಾಕಾಯಿತು.
ಫ್ರಿಜ್ಜಿನಿಂದ ಹತ್ತು ಬಾಟಲಿ,
ಯಾವುದೋ ಲಾಯದ ಯಾವುದೋ ಕುದುರೆ
ಯಾರಿಗೆಂದು ತಿಳಿಯದೆ ಮೈಯಲ್ಲಿ ಕಟ್ಟಿಕೊಟ್ಟ ಉತ್ತರ.

ಮೂರೂವರೆಗೆ ಮತ್ತೆ ಎರಡು ಎಂ.ಎಲ್., ಹೊಸ ಕೊಳವೆ.
ಟ್ಯೂಬ್‌ಲೈಟಿಗೆ ಹಿಡಿದೆ, ಒಣಗಿದೆಯೇ ನೋಡಲು.
ಗಾಜಿನ ಬಾಗಿನಲ್ಲಿ ನನ್ನ ಮುಖ ಸೊಟ್ಟಗೆ, ಸಣ್ಣಗೆ ಕೂತಿತ್ತು.
ಸೂಜಿ ಚುಚ್ಚುವಾಗ ಸಿದ್ದಮಲ್ಲಿ ಕಣ್ಣು ಬಿಟ್ಟಳು.
'ಮೋಟ್ರು ಯಾರಾರ ನಿಲ್ಸುದ್ರಾ?
ಹೂವ ಕೊಳ್ತೋಯ್ತದೆ.'